ಪಿಎಚ್.ಡಿ.ಗೆ ಹೂ ಕೇಳಿದ್ದು

ಹೋಟೆಲಿನಲ್ಲಿ ಸಪ್ಲೈಯರ್ ಬಂದು ‘ಏನ್ ಕೊಡ್ಲಿ ಸಾರ್’ ಎಂದು ಕೇಳಿ ಮುಗಿಸುವುದರೊಳಗೆ ‘ಒಂದು ಮಸಾಲೆ, ಆಮೇಲೆ ಸ್ಟ್ರಾಂಗ್ ಕಾಫಿ’ ಎಂದು ಹೇಳಿಬಿಡುವ ಜನರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಮನೆಯಿಂದಲೇ ಹೊಟ್ಟೆಯ ಜೊತೆ ಮಾತಾಡಿಕೊಂಡು ಬಂದಿರುತ್ತಾರೋ ಏನೋ. ನಾನು ಮಾತ್ರ ‘ಏನೇನಿದೆ?’ ಎಂದು ಕೇಳುತ್ತೇನೆ. ದೋಸೆಗೆ ಹೆಸರಾದ ಮುಳಬಾಗಿಲಿನಲ್ಲಿ ಇಷ್ಟು ವರ್ಷ ಇದ್ದು, ದೋಸೆ ಬಿಟ್ಟು ಬೇರೇನೂ ಮಾಡದ ಹೋಟೆಲಿನಲ್ಲಿ ಕೂತು ‘ಏನೇನಿದೆ’ ಎಂದು ಕೇಳುವ ಗಿರಾಕಿ ನಾನೊಬ್ಬನೇ ಇರಬೇಕು. ಸಪ್ಲೈಯರ್ ಈಗೀಗ ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಾನೆ. ತಂದಿಟ್ಟು ಹೋಗುತ್ತಾನೆ, ನಾನು ತಿನ್ನುತ್ತೇನೆ. ನನ್ನ ಬದುಕಿನ ಮುಖ್ಯ ಕೆಲಸಗಳೆಲ್ಲ ಹೆಚ್ಚುಕಡಿಮೆ ಹೀಗೇ ನಡೆದಿವೆ. ಎಂ.ಎ.ಗೆ ಕನ್ನಡ ತೆಗೆದುಕೊಂಡದ್ದು ಆ ಕೌಂಟರಿನ ಮುಂದೆ ಜನ ಕಡಿಮೆ ಇದ್ದರು ಎಂದು. ಮದುವೆಗೆ ಹುಡುಗಿಯನ್ನು ಒಪ್ಪಿದವನು ನಾನು ಎಂದು ಬಹಳ ಕಾಲ ನಂಬಿದ್ದೆ. ಒಪ್ಪಿದವಳು ತಾನು, ನೀವು ಸುಮ್ಮನೆ ಕೂತಿದ್ದಿರಿ ಎಂದು ಆಮೇಲೆ ಹೆಂಡತಿಯೇ ತಿಳಿಸಿದಳು.

ಇಂಥ ನಾನು ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡಲು ಹೊರಟೆ. ಯಾಕೆ ಎಂದು ಕೇಳಬೇಡಿ. ಪಿಯು ಕಾಲೇಜಿನಲ್ಲಿ ವರ್ಷವರ್ಷವೂ ಅದೇ ಪಾಠ ಮಾಡಿ ಮಾಡಿ, ಯಾವ ಪುಟದಲ್ಲಿ ಹುಡುಗರು ಆಕಳಿಸುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು. ಒಂದಾದರೂ ವಿಷಯ ನನಗೆ, ನನ್ನೊಬ್ಬನಿಗೆ, ಆಳವಾಗಿ ಗೊತ್ತಿರಬೇಕು ಎಂಬ ಆಸೆ ಒಳಗೆಲ್ಲೋ ಕೂತಿತ್ತು. ಕೋಲಾರದಲ್ಲಿ ಒಬ್ಬ ಮೇಡಂ ನನ್ನ ವಯಸ್ಸನ್ನೂ ಲೆಕ್ಕಿಸದೆ ನನ್ನನ್ನು ವಿದ್ಯಾರ್ಥಿಯಾಗಿ ತೆಗೆದುಕೊಂಡರು. ಹೆಸರು ನೋಂದಣಿಯಾಯಿತು, ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದೆ. ಅವತ್ತಿನಿಂದ ಸಹೋದ್ಯೋಗಿಗಳು ನನ್ನನ್ನು ‘ಡಾಕ್ಟ್ರೇ’ ಎಂದು ಕರೆಯತೊಡಗಿದರು. ಮೊದಮೊದಲು ಸುಖವಾಗಿತ್ತು. ಆಮೇಲೆ ಅಟೆಂಡರ್ ಕೂಡ ‘ಡಾಕ್ಟ್ರು ಬಂದ್ರು’ ಎನ್ನತೊಡಗಿದಾಗ ಇದು ವಾಪಸು ಕೊಡಲು ಬಾರದ ಬಿರುದು ಎಂದು ಗೊತ್ತಾಯಿತು. ಪದವಿ ಬಂದರೆ ಸರಿ. ಬಾರದಿದ್ದರೂ ನಿವೃತ್ತಿಯವರೆಗೆ ನಾನು ಡಾಕ್ಟ್ರೇ.

ಈಗ ಉಳಿದದ್ದು ಒಂದೇ, ವಿಷಯ. ಅದೇ ಇರಲಿಲ್ಲ.

ವಿಷಯ ಇಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ನನ್ನ ಮೊದಲ ತಪ್ಪು. ನಮ್ಮ ಸೀಮೆಯ ಜನ ತಲೆನೋವು ಎಂದರೆ ಮಾತ್ರೆ ಹೇಳುವವರು, ಮಾತ್ರೆ ತೆಗೆದುಕೊಂಡೆ ಎಂದರೆ ಬೇರೆ ಮಾತ್ರೆ ಹೇಳುವವರು. ಶ್ರೀನಿವಾಸಪುರದ ನನ್ನ ಭಾವಮೈದ ಮಾವಿನ ಮಂಡಿಯಲ್ಲಿ ವ್ಯಾಪಾರ ಮಾಡುತ್ತಾನೆ. ಅವನು ಫೋನು ಮಾಡಿ, ಕಣ್ಣೆದುರಿಗೆ ಮಾವು ಇಟ್ಟುಕೊಂಡು ಯಾರಾದರೂ ವಿಷಯ ಹುಡುಕುತ್ತಾರಾ ಭಾವ ಎಂದು ಗದರಿದ. ಮಾಲೂರಿನಲ್ಲಿ ಇಟ್ಟಿಗೆಗೂಡು ಇಟ್ಟಿರುವ ದೊಡ್ಡಪ್ಪನ ಮಗನ ಪ್ರಕಾರ ಇಟ್ಟಿಗೆಯ ಮೇಲೆ ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ. ಸುಗಟೂರಿನ ಹಳೆಯ ಗೆಳೆಯನಿಗೆ ನಾಲ್ಕು ಸೀಮೆಹಸು ಇವೆ. ಅವನ ಸಲಹೆ ಏನಿತ್ತೆಂದು ನೀವೇ ಊಹಿಸಿ. ಪ್ರತಿಯೊಬ್ಬರೂ ತಮ್ಮ ಹಿತ್ತಲಲ್ಲಿ ಬೆಳೆದದ್ದನ್ನು ಚೀಲಕ್ಕೆ ತುಂಬಿ ನನ್ನ ಬಾಗಿಲಿಗೆ ತಂದು ಸುರಿದರು. ಬೇಡ ಎಂದರೆ ಮುನಿಸು. ಭಾವಮೈದನಂತೂ ಆ ವರ್ಷ ಮನೆಗೆ ಬಾದಾಮಿ ಮಾವಿನ ಹಣ್ಣನ್ನೇ ಕಳಿಸಲಿಲ್ಲ.

ತಮಾಷೆಯೆಂದರೆ ಎಲ್ಲವೂ ನನಗೆ ಒಂದೆರಡು ದಿನದ ಮಟ್ಟಿಗೆ ಹಿಡಿಸುತ್ತಿದ್ದವು. ಮಾವು ಎಂದಾಗ ಎರಡು ದಿನ ಕಂಡಕಂಡವರ ಜೊತೆ ಮಾವನ್ನೇ ಮಾತಾಡಿದೆ. ಮೂರನೆಯ ದಿನ ಮಾವಿನ ಬಗ್ಗೆ ನನಗೆ ಇರುವ ಆಸಕ್ತಿಯೆಲ್ಲ ತಿನ್ನುವುದರಲ್ಲಿ ಮಾತ್ರ ಎಂದು ಗೊತ್ತಾಯಿತು. ಇಟ್ಟಿಗೆಗೆ ಅಷ್ಟೂ ಆಯುಷ್ಯ ಇರಲಿಲ್ಲ. ‘ನೀವು ಸೀರೆ ಅಂಗಡಿಗೆ ಹೋದ ಹಾಗೆ ಆಡ್ತಿದ್ದೀರ’ ಎಂದು ಹೆಂಡತಿ ಹೇಳಿದಳು. ಆಮೇಲೆ ಸ್ವಲ್ಪ ಯೋಚಿಸಿ, ತಾನು ಸೀರೆ ಅಂಗಡಿಯಲ್ಲಿ ಕೊನೆಗಾದರೂ ಒಂದನ್ನು ತೆಗೆದುಕೊಂಡು ಬರುತ್ತೇನೆ ಎಂದು ಸೇರಿಸಿದಳು.

ಗ್ರಂಥಾಲಯಕ್ಕೆ ಹೋದರೆ ದಾರಿ ಕಾಣಬಹುದು ಎಂದು ಭಾನುವಾರ ಒಂದನ್ನು ಬಿಟ್ಟು ಉಳಿದ ರಜಾ ದಿನಗಳನ್ನೆಲ್ಲ ಅಲ್ಲಿ ಕಳೆದೆ. ಅಲ್ಲಿ ಕಪ್ಪು ರಟ್ಟು, ಬಂಗಾರದ ಅಕ್ಷರದ ಪ್ರಬಂಧಗಳು ಗೋಡೆಗೆ ಗೋಡೆ ನಿಂತಿದ್ದವು. ಕೆರೆಯ ಮೇಲೆ ಒಂದು ಅಧ್ಯಯನ, ಬಾವಿಯ ಮೇಲೆ ಒಂದು ಸಮಗ್ರ ಅಧ್ಯಯನ, ಕೆರೆ ಮತ್ತು ಬಾವಿಗಳ ಮೇಲೆ ಒಂದು ತೌಲನಿಕ ಅಧ್ಯಯನ. ಇನ್ನು ನನಗೆ ಉಳಿದದ್ದು ನಲ್ಲಿ ಮಾತ್ರ. ನನಗೆ ಹೊಳೆದದ್ದೆಲ್ಲ ಯಾರಿಗೋ ಮೊದಲೇ ಹೊಳೆದು, ಬೈಂಡು ಆಗಿ, ಧೂಳು ಹಿಡಿದು ಕೂತಿತ್ತು. ಯಾರೂ ಮುಟ್ಟದ ವಿಷಯ ಸಿಕ್ಕಿತು ಎಂದು ಒಂದೆರಡು ಸಲ ಕುಣಿದದ್ದೂ ಉಂಟು. ಆದರೆ ಇಷ್ಟು ಜನ ಇಷ್ಟು ವರ್ಷ ಅದನ್ನು ಮುಟ್ಟಿಲ್ಲವೆಂದರೆ ಅದರಲ್ಲೇ ಏನೋ ಐಬು ಇರಬೇಕು ಎಂಬ ಅನುಮಾನ ಕೂಡಲೇ ಅಮರಿಕೊಳ್ಳುತ್ತಿತ್ತು. ಬರೆದದ್ದರ ಮೇಲೆ ಬರೆಯುವಂತಿಲ್ಲ, ಬರೆಯದ್ದರ ಮೇಲೆ ಬರೆಯಲು ಧೈರ್ಯವಿಲ್ಲ.

ಕೊನೆಗೆ ಮುಳಬಾಗಿಲಿನ ಹತ್ತಿರದ ಆವನಿ ಎಂಬ ಊರಿಗೆ ಹೋದೆ. ಹಳೆಯ ಗುಡಿಗಳ ನಡುವೆ ಸ್ವಲ್ಪ ಹೊತ್ತು ಕೂತರೆ ಮನಸ್ಸು ತಿಳಿಯಾಗುತ್ತದೆ, ತಿಳಿಯಾದ ಮನಸ್ಸಿಗೆ ವಿಷಯ ತಾನಾಗಿ ಬರುತ್ತದೆ ಎಂಬ ಲೆಕ್ಕ. ಕಂಬಕ್ಕೆ ಒರಗಿ ಕೂತೆ. ಮನಸ್ಸು ನಿಜಕ್ಕೂ ತಿಳಿಯಾಯಿತು, ಕಣ್ಣು ಹತ್ತಿತು. ಎಚ್ಚರವಾದಾಗ ಒಬ್ಬ ಹುಡುಗಿ ನಾನು ಒರಗಿದ್ದ ಕಂಬಕ್ಕೇ ಟೇಪು ಹಿಡಿದು, ‘ಸರ್, ಸ್ವಲ್ಪ ಸರಿದರೆ ಅಳತೆ ತಗೋತೀನಿ’ ಎಂದಳು. ಯಾವುದೋ ವಿಶ್ವವಿದ್ಯಾಲಯದಿಂದ ಬಂದಿದ್ದ ಸಂಶೋಧಕಿಯಂತೆ. ಕಂಬಗಳು ಅವಳ ವಿಷಯ. ನಾನು ಎದ್ದು ಸರಿದು, ಬೇರೆ ಕಂಬಕ್ಕೆ ಒರಗದೆ ಬಸ್ ಹಿಡಿದು ಬಂದೆ.

ಬಸ್ಸಿನಲ್ಲಿ ನನಗೆ ಹಳೆಯ ಕಾಲದ ಬರಹಗಾರರ ಮೇಲೆ ಸಿಟ್ಟು ಬಂತು. ಎಷ್ಟು ಸುಖಜೀವಿಗಳು ಅವರು. ಶಾಸನ ಬರೆಯುವವನಿಗೆ ವಿಷಯದ ಚಿಂತೆ ಇತ್ತೇ? ಯಾರೋ ಕೆರೆಗೆ ಗದ್ದೆ ಬಿಟ್ಟರು, ಅದರ ಮೂಡಣಕ್ಕೆ ಹುಣಸೆಮರ, ಪಡುವಣಕ್ಕೆ ಹುತ್ತ, ಇದಕ್ಕೆ ತಪ್ಪಿದವನು ನರಕಕ್ಕೆ ಹೋಗುತ್ತಾನೆ, ಮುಗಿಯಿತು. ಕೊನೆಗೊಂದು ಶಾಪ ಹಾಕುವ ಅನುಕೂಲವೂ ಇತ್ತು. ಕಾವ್ಯ ಬರೆಯುವವರಿಗಾದರೋ ರಾಜ ಹೇಳುತ್ತಿದ್ದ, ರಾಜ ಹೇಳದಿದ್ದರೆ ದೇವರೇ ಕನಸಿನಲ್ಲಿ ಬಂದು ಇಂಥ ಕಥೆ ಬರೆ ಎಂದು ಅಪ್ಪಣೆ ಕೊಡುತ್ತಿದ್ದ. ಕನಸಿಗೆ ಬಂದ ದೇವರಿಗೆ ‘ಇದರ ಮೇಲೆ ಈಗಾಗಲೇ ಕೆಲಸ ಆಗಿದೆ ಸ್ವಾಮಿ’ ಎಂದು ಯಾವ ಕವಿಯೂ ಹೇಳಿದಂತಿಲ್ಲ. ನನ್ನ ಕನಸಿಗೆ ಬರುತ್ತಿದ್ದವರು ಮೇಡಂ ಒಬ್ಬರೇ.

ಮೇಡಂ ಬಗ್ಗೆ ಹೇಳಬೇಕು. ಸಣ್ಣ ಆಕಾರ, ದಪ್ಪ ಕನ್ನಡಕ, ಒಂದೇ ಪ್ರಶ್ನೆ. ನಾನು ಮಾವು ತೆಗೆದುಕೊಂಡು ಹೋದೆ, ‘ಸರಿ, ನಿಮ್ಮ ಪ್ರಶ್ನೆ ಏನ್ರೀ?’ ಎಂದರು. ಮಾವಿನ ಬಗ್ಗೆ ಎಂದೆ. ‘ಅದು ವಿಷಯ. ಪ್ರಶ್ನೆ ಏನು?’ ಗಡಿಯ ಜಾನಪದ ತೆಗೆದುಕೊಂಡು ಹೋದೆ. ಮತ್ತೆ ಅದೇ. ಸಂಶೋಧನೆ ಎಂದರೆ ಉತ್ತರ ಹುಡುಕುವುದು ಎಂದು ತಿಳಿದುಕೊಂಡಿದ್ದವನಿಗೆ, ಮೊದಲು ಪ್ರಶ್ನೆಯನ್ನು ಹುಡುಕಬೇಕು ಎಂದು ಗೊತ್ತಾದಾಗ ಎರಡು ಪಟ್ಟು ಕೆಲಸ ಬಿದ್ದಂತೆ ಸುಸ್ತಾಯಿತು. ಅವರ ಕೋಣೆಯಿಂದ ಹೊರಗೆ ಬಂದಾಗಲೆಲ್ಲ ನನ್ನ ತಲೆಯಲ್ಲಿ ನೂರು ಪ್ರಶ್ನೆಗಳು ಎದ್ದು ಕೂರುತ್ತಿದ್ದವು, ಆದರೆ ಅವೆಲ್ಲ ನಾನು ಯಾಕೆ ಈ ಉಸಾಬರಿಗೆ ಬಂದೆ ಎಂಬ ಜಾತಿಯವು.

ಕೊನೆಗೆ ಅವರಿಗೂ ಸಾಕಾಯಿತು. ಮೇಡಂಗೆ ನಿವೃತ್ತಿ ಹತ್ತಿರವಾಗಿತ್ತು. ತಾವು ಹೋಗುವುದರೊಳಗೆ ಶೀರ್ಷಿಕೆ ಒಪ್ಪಿಗೆಯಾಗಿದ್ದರೆ ಮುಂದಿನದನ್ನು ಯಾರಾದರೂ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ನನ್ನ ಹೆಸರು ಹೊಡೆದುಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನೊಬ್ಬರು ನನ್ನನ್ನು ತೆಗೆದುಕೊಳ್ಳುವುದೂ ಅನುಮಾನ ಎಂದು ಬಿಡಿಸಿ ಹೇಳಿದರು. ಈ ತಿಂಗಳ ಕೊನೆಯೇ ಗಡುವು. ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಮೇಡಂ ಎಂದು ಮಾತು ತಿರುಗಿಸಲು ನೋಡಿದೆ. ‘ಆರಾಮಾಗಿರ್ತೀನಿ. ನನ್ನ ಚಿಂತೆ ಬಿಟ್ಟು ನಿಮ್ಮದು ನೋಡ್ಕೊಳ್ರೀ’ ಎಂದರು.

ಮನೆಗೆ ಬಂದವನ ಮುಖ ನೋಡಿ ಅಮ್ಮ ಏನಾಯಿತು ಎಂದು ಕೇಳಿದಳು. ಹೇಳಿದೆ. ಅಮ್ಮನಿಗೆ ಪಿಎಚ್.ಡಿ. ಎಂದರೆ ತಡವಾದ ಮದುವೆಯಂಥ ಒಂದು ತೊಡಕು. ಎಲ್ಲ ಇದೆ, ಕೂಡಿಬರುತ್ತಿಲ್ಲ. ಅದಕ್ಕೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಮಂಗಳವಾರ ಊರಿಗೆ ಹೋಗಿ ಗಂಗಮ್ಮನ ಹತ್ತಿರ ಹೂ ಕೇಳೋಣ ಎಂದಳು.

ನಮ್ಮೂರು ಮುಳಬಾಗಿಲಿನಿಂದ ಆಂಧ್ರದ ಕಡೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಅಲ್ಲಿನ ಗಂಗಮ್ಮನ ಗುಡಿಯಲ್ಲಿ ಹೂ ಕೇಳುವುದು ನಾನು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನ ರೂಢಿ. ನಮ್ಮ ಕೋರಿಕೆ ಹೇಳಿಕೊಂಡರೆ ಪೂಜಾರಿ ನೀರಲ್ಲಿ ಅದ್ದಿದ ಕಣಗಿಲೆ ಹೂಗಳನ್ನು ಅಮ್ಮನವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ. ಕನ್ನಡ ಎಂ.ಎ. ಆದವನು, ನಾಳೆ ಸಂಶೋಧಕನಾಗುವವನು ಹೀಗೆಲ್ಲ ಹೋಗುವುದೇ ಎಂದು ನನ್ನ ವಿಚಾರವಂತಿಕೆ ಒಂದು ಸಲ ಕೆಮ್ಮಿತು. ಆದರೆ ಬೇರೆ ಎಲ್ಲ ಕಡೆ ಕೇಳಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆರಿಸುವ ಕೆಲಸವನ್ನು ನನ್ನ ತಲೆಯಿಂದ ಇಳಿಸಿ ಬೇರೆಯವರ ಭುಜಕ್ಕೆ ಅಂಟಿಸುವುದು ಎಷ್ಟು ಹಾಯಾದ ಏರ್ಪಾಡು.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಉದ್ದ ಸಾಲು. ನನ್ನ ಹಿಂದೆ ನಿಂತಿದ್ದವರು ಮುನಿರತ್ನಮ್ಮ ಎಂಬ ಗಟ್ಟಿ ಗಂಟಲಿನ ಹೆಂಗಸು, ಅಮ್ಮನಿಗೆ ದೂರದ ಪರಿಚಯ. ನಾನು ಪುಸ್ತಕ ಬರೆಯಲು ಹೂ ಕೇಳಲು ಬಂದಿದ್ದೇನೆ ಎಂದು ಅಮ್ಮ ಸಾಲಿಗೆಲ್ಲ ಕೇಳಿಸುವಂತೆ ತಿಳಿಸಿದಳು. ನನ್ನ ಸರದಿ ಬಂತು. ಪೂಜಾರಪ್ಪ ಹೂ ಕೈಯಲ್ಲಿ ಹಿಡಿದು ಕೇಳಿದ.

‘ಏನಂತ ಕೇಳಬೇಕು ಸಾರ್?’

‘ನನ್ನ ಸಂಶೋಧನೆಗೆ ಯಾವ ವಿಷಯ ಆಗಬಹುದು ಅಂತ.’

‘ಹಂಗೆ ಕೇಳಕ್ಕಾಗಲ್ಲ ಸಾರ್. ಅಮ್ಮ ಬಲಗಡೆ ಕೊಟ್ರೆ ಏನು, ಎಡಗಡೆ ಕೊಟ್ರೆ ಏನು, ಅದು ಹೇಳಿ.’

ನಾನು ತಬ್ಬಿಬ್ಬಾದೆ. ನನ್ನ ಹತ್ತಿರ ಆ ಹೊತ್ತಿಗೆ ಮಾವು ಇತ್ತು, ಗಡಿಯ ಜಾನಪದ ಇತ್ತು, ಶಾಪ ಇರುವ ಶಾಸನಗಳು ಇದ್ದವು, ಇನ್ನೂ ಒಂದೆರಡು ಇದ್ದವು. ದೇವಿಗೆ ಇದ್ದದ್ದು ಎರಡೇ ಭುಜ. ಬಲಕ್ಕೆ ಮಾವು, ಎಡಕ್ಕೆ ಜಾನಪದ ಎಂದರೆ ಶಾಸನದ ಗತಿ ಏನು ಎಂದು ಗಟ್ಟಿಯಾಗಿಯೇ ಯೋಚಿಸಿದೆನೆಂದು ಕಾಣುತ್ತದೆ. ಮೊದಲು ಎರಡಕ್ಕೆ ಇಳಿಸಿಕೊಂಡು ಬನ್ನಿ ಎಂದು ಪೂಜಾರಪ್ಪ ಹೇಳಿದ. ಇಳಿಸಲು ಆಗುತ್ತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ ಎಂದು ನಾನೂ ಸ್ವಲ್ಪ ಜೋರಾಗಿ ಹೇಳಿದೆ. ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಹಿಂದಿನಿಂದ ಯಾರೋ ಮಾವು ಬಿಟ್ಟುಬಿಡಿ ಎಂದರು. ಇನ್ನೊಬ್ಬರು ಮಾವೇ ಸರಿ, ಉಳಿದದ್ದು ಬಿಡಿ ಎಂದರು. ಮತ್ತ್ಯಾರೋ ಟೊಮೇಟೊ ಯಾಕೆ ಇಲ್ಲ ಎಂದು ಹೊಸದಾಗಿ ಎತ್ತಿದರು. ಗುಡಿಯೂ ನನಗೆ ಸ್ಟಾಫ್ ರೂಮೇ ಆಯಿತು.

‘ಸಾರ್,’ ಎಂದರು ಮುನಿರತ್ನಮ್ಮ ನನ್ನ ಭುಜದ ಹಿಂದಿನಿಂದ, ‘ಅಷ್ಟೊತ್ತಿಂದ ಸಾಲಲ್ಲಿ ನಿಂತಿದ್ರಲ್ಲ, ಏನ್ ಮಾಡ್ತಿದ್ರಿ? ಪ್ರಶ್ನೆ ಮಾಡ್ಕೊಳ್ಳೋಕೇ ತಾನೇ ಸಾಲು ಇರೋದು?’

ಎಂಥ ಅವಮಾನ. ಮೇಡಂ ಕೋಲಾರದಲ್ಲಿ ಎ.ಸಿ. ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ ಕೇಳುತ್ತಿದ್ದುದನ್ನು ಇಲ್ಲಿ ಅರ್ಧ ಊರೇ ಸೇರಿ ಕೇಳುತ್ತಿತ್ತು. ನಾನು ಪಕ್ಕಕ್ಕೆ ಸರಿದು, ಸರದಿ ಬಿಟ್ಟುಕೊಟ್ಟು, ಹೊರಗಿನ ಜಗಲಿಯ ಮೇಲೆ ಹೋಗಿ ಕೂತೆ. ಹೊರಟುಬಿಡೋಣ ಎಂದರೆ ಅಮ್ಮ ಒಳಗೆ ಯಾರ ಜೊತೆಗೋ ಮಾತಿಗೆ ಕೂತಿದ್ದಳು. ಅವಳ ಮಾತು ಮುಗಿಯುವವರೆಗೆ ನನಗೆ ಬೇರೆ ಕೆಲಸವಿರಲಿಲ್ಲ. ಸಿಟ್ಟಿನಿಂದ ಕೂತಿದ್ದೆ, ಕಿವಿ ಮಾತ್ರ ತೆರೆದಿತ್ತು.

ಒಬ್ಬ ರೈತ ಮುಂದೆ ಬಂದ. ಈ ಸಲ ಟೊಮೇಟೊ ಹಾಕಬೇಕೋ ಬೀನ್ಸ್ ಹಾಕಬೇಕೋ ಎಂದು ಕೇಳಲಿಲ್ಲ. ಟೊಮೇಟೊ ಹಾಕುವುದೆಂದು ಆಗಿದೆ, ಕಾಲುವೆ ಕಡೆ ಹೊಲಕ್ಕೆ ಹಾಕಲೇ ಎಂದು ಕೇಳಿದ. ಪೂಜಾರಪ್ಪ ತೆಲುಗಿನಲ್ಲಿ ‘ಚೆಪ್ಪಮ್ಮಾ, ಚೆಪ್ಪು’, ಹೇಳಮ್ಮಾ ಹೇಳು, ಎಂದು ಮಗಳನ್ನು ಮುದ್ದು ಮಾಡುವ ಹಾಗೆ ದೇವಿಯನ್ನು ಕೇಳುತ್ತಿದ್ದ. ಬಲಗಡೆಯ ಹೂ ಬಿತ್ತು. ಆಮೇಲೆ ಒಬ್ಬ ಎಳೆಯ ಸೊಸೆ. ಅವಳೂ ಅತ್ತೆಯೂ ಮಾತು ಬಿಟ್ಟಿದ್ದರು. ಅತ್ತೆಯೇ ಮೊದಲು ಮಾತಾಡಿಸಿದರೆ ತಾನು ಉತ್ತರ ಕೊಡಬೇಕೇ ಎಂದು ಅವಳ ಪ್ರಶ್ನೆ. ಎಷ್ಟು ಹದವಾದ ಪ್ರಶ್ನೆ ಎಂದು ನಾನು ನೋಡುತ್ತಿದ್ದಂತೆ ಬಲಗಡೆ ಹೂ ಬಿತ್ತು, ಅವಳು ಬಿಗಿದ ಮುಖದಲ್ಲೇ ಕೈಮುಗಿದು ಹೋದಳು. ಆಗಲೇ ತಮ್ಮದನ್ನು ಮುಗಿಸಿ ಬಂದು ನನ್ನ ಪಕ್ಕ ಕೂತಿದ್ದ ಮುನಿರತ್ನಮ್ಮ, ‘ಹೋದ ವಾರ ಬಂದು ನಾನೇ ಮೊದಲು ಮಾತಾಡಿಸಬೇಕಾ ಅಂತ ಕೇಳಿದ್ಲು. ಎಡಗಡೆ ಆಯ್ತು. ಅದಕ್ಕೆ ಈ ವಾರ ತಿರುಗಿಸಿ ಕೇಳಿದಾಳೆ’ ಎಂದರು.

‘ಹಾಗೆ ತಿರುಗಿಸಿ ಕೇಳಬಹುದಾ?’ ಎಂದೆ.

ಅವರು ನನ್ನನ್ನು ಪಾಪ ಎನ್ನುವಂತೆ ನೋಡಿದರು. ಯಾರು ತಾನೇ ತಿರುಗಿಸದೆ ಕೇಳುತ್ತಾರೆ ಎಂದರು. ಒಂದು ವಾರಕ್ಕೆ ಒಂದೇ ಸಲ ಕೇಳಬೇಕು ಅಷ್ಟೇ. ಎಡಗಡೆ ಆದರೆ ಮನೆಗೆ ಹೋಗಿ, ಎಲ್ಲಿ ತಪ್ಪಾಯಿತು ಎಂದು ನೋಡಿಕೊಂಡು, ಪ್ರಶ್ನೆಯನ್ನು ಸರಿಮಾಡಿಕೊಂಡು ಬರುವುದು. ತಮ್ಮ ಮಗಳ ವಿಷಯದಲ್ಲಿ ಹೊಲಿಗೆ ಕಲಿಯಲು ಕಳಿಸಲೇ ಎಂದು ಕೇಳಿ ಎಡಗಡೆ ಆಗಿ, ಕೋಲಾರಕ್ಕೆ ಕಳಿಸಲೇ ಎಂದು ಕೇಳಿ ಅದೂ ಎಡಗಡೆ ಆಗಿ, ಇವತ್ತು ಅವಳನ್ನೇ ಕೇಳಲೇ ಎಂದು ಕೇಳಿದೆ, ಬಲಗಡೆ ಆಯಿತು ಎಂದರು. ಅದನ್ನು ಹೇಳಿ ಅವರಿಗೇ ನಗು ಬಂತು.

ನನಗೆ ನಗು ಬರಲಿಲ್ಲ. ಬೆನ್ನು ನೆಟ್ಟಗಾಯಿತು. ಈ ಜನ ದೇವರ ಹತ್ತಿರ ಉತ್ತರ ತೆಗೆದುಕೊಂಡು ಹೋಗಲು ಬರುತ್ತಾರೆ ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದೆ. ಇಲ್ಲಿ ಕೂತು ನೋಡಿದರೆ ಅವರು ವಾರವಾರವೂ ಪ್ರಶ್ನೆಯನ್ನು ತಿದ್ದಲು ಬರುತ್ತಿದ್ದರು. ಮೊದಲ ವಾರದ ಪ್ರಶ್ನೆಯಿಂದ ಕೊನೆಯ ವಾರದ ಪ್ರಶ್ನೆಗೆ ಹೇಗೆ ಬರುತ್ತಾರೆ? ನಡುವೆ ಮನೆಯಲ್ಲಿ ಏನೇನು ನಡೆಯುತ್ತದೆ? ಸೊಸೆಗೆ ಆ ಎರಡನೆಯ ಪ್ರಶ್ನೆ ಎಲ್ಲಿ ಹೊಳೆಯಿತು, ಹಿಟ್ಟು ರುಬ್ಬುವಾಗಲೋ, ಬಸ್ಸಿನಲ್ಲೋ, ಇಲ್ಲೇ ಸಾಲಿನಲ್ಲೋ? ಅಮ್ಮ ಬಂದು ಹೊರಡೋಣವೇ ಎಂದಾಗ ಇನ್ನು ಸ್ವಲ್ಪ ಹೊತ್ತು ಇರೋಣ ಎಂದವನು ನಾನು. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ಮರುದಿನವೇ ಕೋಲಾರಕ್ಕೆ ಓಡಿದೆ. ಮೇಡಂ ಎಂದಿನಂತೆ ಕನ್ನಡಕ ಏರಿಸಿ ‘ನಿಮ್ಮ ಪ್ರಶ್ನೆ ಏನ್ರೀ?’ ಎಂದರು. ಜನ ದೇವರ ಮುಂದೆ ಪ್ರಶ್ನೆ ಹೇಗೆ ಕಟ್ಟುತ್ತಾರೆ, ಆಗಲ್ಲ ಎಂದರೆ ಅದನ್ನು ಹೇಗೆ ತಿದ್ದುತ್ತಾರೆ ಎಂದೆ. ಬೈಯುತ್ತಾರೆ ಎಂದು ಕಾದೆ. ‘ಇದು ಪ್ರಶ್ನೆ’ ಎಂದರು. ಆ ಎರಡು ಪದಕ್ಕೆ ನಾನು ಎಷ್ಟು ಹಸಿದಿದ್ದೆನೆಂದರೆ ಅವರ ಮೇಜಿನ ಮೇಲಿದ್ದ ನೀರನ್ನೇ ಎತ್ತಿ ಕುಡಿದುಬಿಟ್ಟೆ. ಆದರೆ ಮೇಡಂ ಮೇಡಮ್ಮೇ. ಅದು ಜನರ ಮನೆಯೊಳಗಿನ ಮಾತು, ಗುಡಿಯವರ ಒಪ್ಪಿಗೆ ಇಲ್ಲದೆ ಶೀರ್ಷಿಕೆ ಕಳಿಸುವುದಿಲ್ಲ, ಒಪ್ಪಿಗೆ ತೆಗೆದುಕೊಂಡು ಬನ್ನಿ ಎಂದರು.

ಪೂಜಾರಪ್ಪನನ್ನು ಕೇಳಿದೆ. ಒಪ್ಪಿಗೆ ಕೊಡಲು ತಾನು ಯಾರು, ಗಂಗಮ್ಮನನ್ನೇ ಕೇಳಿ ಎಂದ.

ಹೀಗೆ ಮುಂದಿನ ಮಂಗಳವಾರ ನಾನು ಮತ್ತೆ ಸಾಲಿನಲ್ಲಿ ನಿಂತೆ. ಈ ಸಲ ನನ್ನ ಪ್ರಶ್ನೆ ತಯಾರಿತ್ತು, ಬಲ ಎಡ ಎರಡೂ ಇರುವ ಪ್ರಶ್ನೆ. ಇಲ್ಲಿ ಕೂತು ಎಲ್ಲರೂ ಕೇಳುವ ಪ್ರಶ್ನೆಗಳನ್ನು ನಾನು ಬರೆದುಕೊಳ್ಳಬಹುದೇ? ಹೂ ಅಂಟಿತು. ‘ಚೆಪ್ಪಮ್ಮಾ’ ಎಂದ ಪೂಜಾರಪ್ಪ. ನಿನ್ನೆಯವರೆಗೆ ನಂಬದವನು ನಾನು. ಈಗ ಬಲಭುಜದ ಹೂವನ್ನು ಕಣ್ಣಲ್ಲೇ ಎಳೆಯುತ್ತಿದ್ದೆ. ಎಡಗಡೆಯದು ಬಿತ್ತು.

ಮಾವು ಹೋದಾಗ ನನಗೆ ಏನೂ ಅನ್ನಿಸಿರಲಿಲ್ಲ. ಇಟ್ಟಿಗೆ ಹೋದಾಗ ನಿರಾಳವಾಗಿತ್ತು. ಇದು ಹೋದಾಗ ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಬಂತು. ಗಡುವಿಗೆ ಇನ್ನು ಒಂದೇ ಮಂಗಳವಾರ ಇತ್ತು. ಆದರೆ ನನಗೆ ದುಃಖವಾದದ್ದು ಗಡುವಿಗಲ್ಲ. ಆ ಸೊಸೆ ಮುಂದೆ ಏನು ಕೇಳುತ್ತಾಳೆ ಎಂದು ಇನ್ನು ನನಗೆ ಗೊತ್ತಾಗುವುದಿಲ್ಲವಲ್ಲ ಎಂದು. ಮುನಿರತ್ನಮ್ಮ ಆವತ್ತೂ ಬಂದಿದ್ದರು. ಬೇಜಾರು ಮಾಡ್ಕೋಬೇಡಿ, ಮನೆಗೆ ಹೋಗಿ ನೋಡ್ಕೊಳ್ಳಿ ಎಂದಷ್ಟೇ ಹೇಳಿದರು.

ಮನೆಗೆ ಬಂದು ನೋಡಿಕೊಂಡೆ. ಇಡೀ ವಾರ ಅದೇ ಪ್ರಶ್ನೆಯನ್ನು ಒಳಗೂ ಹೊರಗೂ ತಿರುಗಿಸಿದೆ. ದೋಸೆ ಹೋಟೆಲಿನಲ್ಲಿ ಏನು ತಿಂದೆನೋ ನೆನಪಿಲ್ಲ. ಹೆಂಡತಿಗೆ ವಿವರಿಸುತ್ತಿದ್ದಾಗ ಅವಳು, ನಾನು ಅಲ್ಲಿ ನಿಂತು ನಿಮ್ಮ ಬಗ್ಗೆ ದೇವರ ಹತ್ತಿರ ಹೇಳಿಕೊಳ್ಳುತ್ತಿರುವಾಗ ಯಾವನೋ ಮೇಷ್ಟ್ರು ಜಗಲಿಯ ಮೇಲೆ ಕೂತು ಬರೆದುಕೊಂಡರೆ ನನಗೆ ಹೇಗಿರುತ್ತೆ ಎಂದಳು. ನನ್ನ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದೀಯ ಎಂದು ಕೇಳುವ ಆಸೆಯಾಯಿತು. ಆದರೆ ಹೂ ಯಾಕೆ ಎಡಕ್ಕೆ ಬಿತ್ತು ಎಂದು ಆ ಹೊತ್ತಿಗೆ ಹೊಳೆದುಬಿಟ್ಟಿತ್ತು.

ಕೊನೆಯ ಮಂಗಳವಾರ ಪ್ರಶ್ನೆ ಹೀಗಿತ್ತು. ಕದ್ದು ಕೇಳದೆ, ಅವರವರನ್ನೇ ಕೇಳಿ, ಒಪ್ಪಿದವರದ್ದು ಮಾತ್ರ, ಹೆಸರಿಲ್ಲದೆ ಬರೆಯಬಹುದೇ? ಪೂಜಾರಪ್ಪ ಹೂ ಅದ್ದುತ್ತಾ ‘ಎಡಗಡೆ ಕೊಟ್ರೆ?’ ಎಂದು ಕೇಳಿದ. ‘ಮುಂದಿನ ವಾರ ತಿರುಗಿಸಿಕೊಂಡು ಬರ್ತೀನಿ’ ಎಂದೆ. ಗಡುವು ಮುಗಿದಿರುತ್ತದೆ ಎಂದು ಗೊತ್ತಿದ್ದೂ ಹಾಗೆಂದೆ, ನಿಜವಾಗಿಯೂ ಬರುತ್ತಿದ್ದೆ ಕೂಡ. ಬಹಳ ಹೊತ್ತು ಎರಡೂ ಹೂ ಅಲುಗಲಿಲ್ಲ. ಹಿಂದೆ ಗೊಣಗಾಟ ಶುರುವಾಯಿತು. ಆಮೇಲೆ ಬಲಗಡೆಯದು ಜಾರಿತು.

ಶೀರ್ಷಿಕೆಗೆ ಸಹಿ ಹಾಕಿಸಿಕೊಳ್ಳಲು ಹೋದಾಗ ಮೇಡಂ ಕೋಣೆಯ ತುಂಬ ರಟ್ಟಿನ ಡಬ್ಬಗಳಿದ್ದವು. ಕಪಾಟಿನ ಪುಸ್ತಕಗಳು ಅರ್ಧ ಒಳಗೆ ಹೋಗಿದ್ದವು, ಅರ್ಧ ಹೊರಗಿದ್ದವು. ಹೆಸರಿಲ್ಲದೆ, ಒಪ್ಪಿದವರದ್ದು ಮಾತ್ರ ಎಂಬ ಕ್ರಮ ಚೆನ್ನಾಗಿದೆ, ಇದು ಹೇಗೆ ಹೊಳೆಯಿತು ಎಂದು ಕೇಳಿದರು. ಮೊದಲ ಸಲ ಎಡಗಡೆ ಬಿತ್ತು ಮೇಡಂ ಎಂದೆ. ವೈವಾದಲ್ಲಿ ಹಾಗೆ ಹೇಳಿಬಿಡಬೇಡಿ ಎಂದು ನಕ್ಕು ಸಹಿ ಹಾಕಿದರು. ನಾನು ಎದ್ದೆ. ಅವರು ಪೆನ್ನಿನ ಕ್ಯಾಪು ಹಾಕುತ್ತಾ, ನನ್ನ ಕಡೆ ನೋಡದೆ, ಅಲ್ಲಿ ಯಾರು ಬೇಕಾದರೂ ಕೇಳಬಹುದೇನ್ರೀ ಎಂದರು.

ಯಾರು ಬೇಕಾದರೂ ಕೇಳಬಹುದು ಎಂದೆ.

‘ಏನಂತ ಕೇಳೋದು, ಅದೇ ಗೊತ್ತಾಗ್ತಿಲ್ಲ ನೋಡಿ. ಆರಾಮಾಗಿರ್ತೀನಿ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ. ಮುಂದಿನ ತಿಂಗಳಿಂದ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋದು ಅನ್ನೋದನ್ನ ಬಲಗಡೆ ಎಡಗಡೆ ಮಾಡಿ ಹೇಗ್ರೀ ಕೇಳೋದು?’

ನಿಮ್ಮ ಪ್ರಶ್ನೆ ಏನು ಮೇಡಂ ಎಂದು ಇವರನ್ನು ಒಂದು ಸಲವಾದರೂ ಕೇಳಬೇಕೆಂದು ನಾನು ಎಷ್ಟು ದಿನ ಹಲ್ಲು ಕಚ್ಚಿ ಕಾದಿದ್ದೆ. ಈಗ ಕೇಳುವ ಮನಸ್ಸೇ ಬರಲಿಲ್ಲ. ಡಬ್ಬದ ಮೇಲಿದ್ದ ಪುಸ್ತಕಗಳನ್ನು ಸರಿಸಿ ಕೂತೆ.

‘ಮಂಗಳವಾರ ಬನ್ನಿ ಮೇಡಂ, ಸಾಲಲ್ಲಿ ನನ್ನ ಜೊತೆ ನಿಂತ್ಕೊಳ್ಳಿ. ಸರದಿ ಬರೋಷ್ಟರಲ್ಲಿ ಪ್ರಶ್ನೆ ಆಗುತ್ತೆ. ಆಗದೇ ಹೋದ್ರೆ ಹಿಂದಿರೋರು ಬೈದು ಮಾಡಿಸ್ತಾರೆ.’